ಹಿರಿಯರ ಪಾಲು ಹೆಚ್ಚಿದಂತೆ ರಾಜ್ಯದ ತೆರಿಗೆ ವರಮಾನಕ್ಕೆ ಏನಾಗುತ್ತದೆ?

ತುಂಗಾತೀರ (ಪ್ರಶ್ನೆ)

ನಮ್ಮ ಓದುಗರ ಬಳಗದಲ್ಲಿ ರಾಜ್ಯ ಬಜೆಟ್ ಮಂಡನೆಯಾದ ಮೇಲೆ ಅದರ ಕುರಿತು ಚರ್ಚೆ ಇಟ್ಟುಕೊಳ್ಳುವುದು ರೂಢಿ. ಈ ಸಲದ ಮಾತು ಜನಸಂಖ್ಯೆಯ ಕಡೆಗೆ ಹೊರಳಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವಂತಿಕೆ ದರ, ಎಂದರೆ ಒಬ್ಬ ಮಹಿಳೆಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ, 1.7. ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ತುಂಬಲು 2.1 ಬೇಕು ಎನ್ನುತ್ತಾರೆ. ಅಧಿಕೃತ ಜನಸಂಖ್ಯಾ ಅಂದಾಜಿನಲ್ಲಿ 2021ಕ್ಕೆ ರಾಜ್ಯದ ಜನರಲ್ಲಿ ಅರವತ್ತು ದಾಟಿದವರ ಪಾಲು ಶೇ 11.5, ದೇಶದ ಸರಾಸರಿ ಶೇ 10.1.

ಬಳಗದ ಒಬ್ಬರು, ಇದೆಲ್ಲ ಸರ್ಕಾರಿ ಪಿಂಚಣಿಯ ಪ್ರಶ್ನೆಯಷ್ಟೇ, 2006ರ ಏಪ್ರಿಲ್ 1ರ ನಂತರ ಸೇರಿದ ನೌಕರರು ಸೇವೆಯಲ್ಲಿರುವಾಗಲೇ ವಂತಿಗೆ ಕೂಡಿಡುವ ಹೊಸ ಪಿಂಚಣಿ ಯೋಜನೆಯಲ್ಲಿರುವುದರಿಂದ ಅದು ತಾನಾಗಿಯೇ ಬಗೆಹರಿಯುತ್ತದೆ ಎಂದರು. ಇನ್ನೊಬ್ಬರು, ಬೆಂಗಳೂರು ದೇಶದ ಎಲ್ಲ ಮೂಲೆಗಳಿಂದ ಯುವಕರನ್ನು ಎಳೆದುಕೊಳ್ಳುತ್ತಿರುವಾಗ ಕರ್ನಾಟಕಕ್ಕೆ ಮುಪ್ಪಿನ ಚಿಂತೆ ಏಕೆ ಎಂದು ಕೇಳಿದರು. ಎರಡೂ ಮಾತು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಚರ್ಚೆಯುದ್ದಕ್ಕೂ ನಾವು ಖರ್ಚಿನ ಬಗ್ಗೆಯೇ ಮಾತನಾಡಿದೆವು, ವರಮಾನದ ಬದಿಯನ್ನು ಯಾರೂ ಮುಟ್ಟಲಿಲ್ಲ. ನಿವೃತ್ತರಾದವರು ಕಟ್ಟುವ ಆದಾಯ ತೆರಿಗೆ ಕಡಿಮೆಯಾಗುತ್ತದೆ ಎಂಬುದು ಸರಿ, ಆದರೆ ಆದಾಯ ತೆರಿಗೆ ವಸೂಲು ಮಾಡುವುದು ಕೇಂದ್ರ. ಹಾಗಿದ್ದರೆ ರಾಜ್ಯದ ಬೊಕ್ಕಸಕ್ಕೆ ಬರುವ ತೆರಿಗೆಗಳು ಜನರ ವಯಸ್ಸಿನೊಂದಿಗೆ ಹೇಗೆ ಬದಲಾಗುತ್ತವೆ? ರಾಜ್ಯದ ಹಣಕಾಸನ್ನು ಹತ್ತಿರದಿಂದ ಬಲ್ಲವರು ವಿವರಿಸಬೇಕಾಗಿ ಕೋರಿಕೆ.

ಜಮಾಖರ್ಚು

ತುಂಗಾತೀರ ಅವರೇ, ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಕೆಲವು ವರ್ಷಗಳಲ್ಲಿ ಕರ್ನಾಟಕದ ತೆರಿಗೆ ವರಮಾನ ಮುಪ್ಪಿನ ಕಾರಣದಿಂದ ಇಳಿದುಹೋಗುವುದಿಲ್ಲ. ಜನರ ಆದಾಯ ಏರುತ್ತಿರುವಾಗ, ಲೆಕ್ಕಕ್ಕೆ ಸಿಗದ ವ್ಯಾಪಾರ ಲೆಕ್ಕದೊಳಗೆ ಬರುತ್ತಿರುವಾಗ, ವಯಸ್ಸಿನ ಪರಿಣಾಮ ಅದರಡಿ ಮುಚ್ಚಿಹೋಗುತ್ತದೆ. ಏರಿಕೆಯ ವೇಗ ನಿಧಾನವಾಗುವುದು, ತೆರಿಗೆ ಬೀಳುವ ವಸ್ತುಗಳಿಂದ ತೆರಿಗೆ ಬೀಳದ ವಸ್ತುಗಳ ಕಡೆಗೆ ಜನರ ಖರ್ಚು ಸರಿಯುವುದು, ಇವು ಮಾತ್ರ ಸದ್ದಿಲ್ಲದೆ ನಡೆಯುವ ಸಂಗತಿಗಳು.

ರಾಜ್ಯದ ಸ್ವಂತ ತೆರಿಗೆಯಲ್ಲಿ ದೊಡ್ಡದು ಜಿಎಸ್‌ಟಿ. ಅದು ಬಳಕೆಯ ಮೇಲಿನ ತೆರಿಗೆ, ಮತ್ತು ಸರಕು ತಯಾರಾದ ರಾಜ್ಯಕ್ಕಲ್ಲ, ಬಳಕೆಯಾದ ರಾಜ್ಯಕ್ಕೆ ಸಲ್ಲುತ್ತದೆ. ಆದ್ದರಿಂದ ಒಂದು ಮನೆ ಯಾವುದಕ್ಕೆ ಹಣ ಖರ್ಚು ಮಾಡುತ್ತದೆ ಎಂಬುದು ರಾಜ್ಯಕ್ಕೆ ನೇರವಾಗಿ ತಟ್ಟುತ್ತದೆ. ಹೊಸದಾಗಿ ಸಂಸಾರ ಹೂಡಿದವರು ಫ್ರಿಜ್, ವಾಷಿಂಗ್ ಮೆಷಿನ್, ಮೊಬೈಲ್, ಸ್ಕೂಟರ್ ಕೊಳ್ಳುತ್ತಾರೆ, ಹೋಟೆಲಿಗೆ ಹೋಗುತ್ತಾರೆ. ಇವುಗಳಲ್ಲಿ ಬಹುಪಾಲಿಗೆ ಶೇ 18ರ ದರವಿದೆ. ಎಪ್ಪತ್ತು ದಾಟಿದ ದಂಪತಿಯ ಖರ್ಚಿನಲ್ಲಿ ಅಕ್ಕಿ, ಬೇಳೆ, ಹಾಲು, ತರಕಾರಿ, ಔಷಧಿ, ಆಸ್ಪತ್ರೆಗಳ ಪಾಲು ದೊಡ್ಡದು. ಬಿಡಿಯಾಗಿ ಮಾರುವ ಧಾನ್ಯಕ್ಕೆ ತೆರಿಗೆಯಿಲ್ಲ. ವಾಸದ ಮನೆಯ ಬಾಡಿಗೆಗೆ ತೆರಿಗೆಯಿಲ್ಲ. ಆಸ್ಪತ್ರೆಯ ಚಿಕಿತ್ಸಾ ಸೇವೆಗೂ ವಿನಾಯಿತಿಯಿದೆ. ತೀವ್ರ ನಿಗಾ ಘಟಕವನ್ನು ಬಿಟ್ಟು, ದಿನಕ್ಕೆ 5,000 ರೂಪಾಯಿ ಮೀರಿದ ಕೊಠಡಿ ಬಾಡಿಗೆಗೆ ಮಾತ್ರ 2022ರ ಜುಲೈನಿಂದ ಶೇ 5 ವಿಧಿಸಲಾಗುತ್ತಿದೆ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಿಗಳ ದರ ಶೇ 12ರಿಂದ 5ಕ್ಕೆ ಇಳಿಯಿತು, ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ 18 ಪೂರ್ತಿ ಹೋಯಿತು. ಹಿರಿಯರ ದೃಷ್ಟಿಯಿಂದ ಇವೆಲ್ಲ ನ್ಯಾಯವಾದ ಕ್ರಮಗಳೇ. ಆದರೆ ಸಮಾಜಕ್ಕೆ ವಯಸ್ಸಾದಂತೆ ಯಾವ ಖರ್ಚು ಬೆಳೆಯುತ್ತದೆಯೋ ಅದರ ಮೇಲೆಯೇ ತೆರಿಗೆ ಅತಿ ಕಡಿಮೆ ಎಂಬುದನ್ನು ಮರೆಯಬಾರದು. ವಿನಾಯಿತಿ ಎಂದರೆ ಪೂರ್ತಿ ಸೊನ್ನೆ ಎಂದೂ ತಿಳಿಯಬೇಕಿಲ್ಲ: ಆಸ್ಪತ್ರೆಯು ಉಪಕರಣ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮರಳಿ ಹೊಂದಿಸಿಕೊಳ್ಳಲಾಗದ ಕಾರಣ ಅದು ರೋಗಿಯ ಬಿಲ್ಲಿನೊಳಗೆ ಅಡಗಿ ಕುಳಿತಿರುತ್ತದೆ.

ಮುದ್ರಾಂಕ ಶುಲ್ಕದ ಕಥೆ ನನಗೆ ಇನ್ನೂ ಸ್ವಾರಸ್ಯಕರವೆನಿಸುತ್ತದೆ. ನಿವೇಶನ, ಮನೆ ಕೊಳ್ಳುವವರು ಹೆಚ್ಚಾಗಿ ದುಡಿಯುವ ವಯಸ್ಸಿನವರು. ಕ್ರಯಪತ್ರಕ್ಕೆ ಆಸ್ತಿಯ ಮೌಲ್ಯದ ಮೇಲೆ ಶೇಕಡಾವಾರು ಶುಲ್ಕ ಬರುತ್ತದೆ. ವಯಸ್ಸಾದವರ ಆಸ್ತಿ ಕೈ ಬದಲಾಯಿಸುವುದು ಮಾರಾಟಕ್ಕಿಂತ ಹೆಚ್ಚಾಗಿ ಪೌತಿ ಖಾತೆಯಿಂದ, ವಿಲ್ಲಿನಿಂದ, ಇಲ್ಲವೇ ಮಕ್ಕಳಿಗೆ ಬರೆದುಕೊಡುವ ದಾನಪತ್ರ, ವಿಭಾಗಪತ್ರಗಳಿಂದ. ಕುಟುಂಬದೊಳಗಿನ ಇಂಥ ಪತ್ರಗಳಿಗೆ ಮೌಲ್ಯ ಎಷ್ಟೇ ಇದ್ದರೂ ನಿಗದಿಯಾದ ಸಣ್ಣ ಮೊತ್ತವಷ್ಟೇ. ಮೃತರ ಆಸ್ತಿಯ ಮೇಲಿನ ಎಸ್ಟೇಟ್ ಸುಂಕವನ್ನು 1985ರಲ್ಲಿಯೇ ರದ್ದುಮಾಡಲಾಯಿತು, ಸಂಪತ್ತು ತೆರಿಗೆಯನ್ನು 2015ರ ಬಜೆಟ್ ತೆಗೆದುಹಾಕಿತು. ಒಂದು ಇಡೀ ತಲೆಮಾರು ಕೂಡಿಟ್ಟ ಸಂಪತ್ತು, ಅದೂ ಬೆಂಗಳೂರಿನ ನಿವೇಶನಗಳಂಥ ಸಂಪತ್ತು, ಮುಂದಿನ ತಲೆಮಾರಿಗೆ ಹೆಚ್ಚುಕಡಿಮೆ ತೆರಿಗೆಯಿಲ್ಲದೆ ದಾಟುತ್ತದೆ. ಈ ಸುಂಕವನ್ನು ಮತ್ತೆ ತರಬೇಕೆಂದು ನಾನು ವಾದಿಸುತ್ತಿಲ್ಲ. ಹಿಂದೆ ಅದರಿಂದ ಬಂದ ಹಣಕ್ಕಿಂತ ತಕರಾರುಗಳೇ ಹೆಚ್ಚಾಗಿದ್ದವು.

ವಾಹನ ತೆರಿಗೆಯನ್ನು ನಮ್ಮಲ್ಲಿ ಖಾಸಗಿ ವಾಹನಗಳಿಗೆ ನೋಂದಣಿಯ ಹೊತ್ತಿಗೆ ಜೀವಾವಧಿ ತೆರಿಗೆಯಾಗಿ ಒಮ್ಮೆಲೇ ಪಡೆಯುತ್ತಾರೆ, ಹೀಗಾಗಿ ಓಡುತ್ತಿರುವ ವಾಹನಗಳಿಗಿಂತ ಹೊಸದಾಗಿ ಕೊಳ್ಳುವವರ ಸಂಖ್ಯೆ ಇಲ್ಲಿ ಮುಖ್ಯ. ಅಬಕಾರಿಯ ಬಗ್ಗೆ ವಿವರಿಸಬೇಕಿಲ್ಲ. ವೃತ್ತಿ ತೆರಿಗೆ ಸಣ್ಣದು. ಸಂವಿಧಾನದ 276ನೇ ವಿಧಿಯೇ ಅದನ್ನು ವರ್ಷಕ್ಕೆ 2,500 ರೂಪಾಯಿಗೆ ಕಟ್ಟಿಹಾಕಿದೆ.

ಇನ್ನು ಆದಾಯ ತೆರಿಗೆ ಕೇಂದ್ರದ್ದಾದರೂ ರಾಜ್ಯಕ್ಕೆ ಅದು ಹೊರಗಿನದಲ್ಲ. ಹಂಚಿಕೆಗೆ ಒಳಪಡುವ ತೆರಿಗೆಗಳ ಶೇ 41 ರಾಜ್ಯಗಳಿಗೆ ಬರುವುದರಿಂದ ಅಲ್ಲಿ ಕುಗ್ಗಿದ್ದು ಇಲ್ಲಿಯೂ ಕುಗ್ಗುತ್ತದೆ. ಹಳೆಯ ಪದ್ಧತಿಯಲ್ಲಿ 60 ದಾಟಿದವರಿಗೆ 3 ಲಕ್ಷ, 80 ದಾಟಿದವರಿಗೆ 5 ಲಕ್ಷದವರೆಗೆ ತೆರಿಗೆಯಿಲ್ಲ. ಹೊಸ ಪದ್ಧತಿಯಲ್ಲಿ ವಯಸ್ಸಿನ ಭೇದವಿಲ್ಲ, ಆದರೆ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸಿಗುವುದರಿಂದ ಬಹುತೇಕ ಪಿಂಚಣಿದಾರರು ತೆರಿಗೆಯ ಆಚೆಯೇ ಉಳಿಯುತ್ತಾರೆ. ಕೇಂದ್ರವು ಈ ಕೊರತೆಯನ್ನು ಸೆಸ್, ಸರ್‌ಚಾರ್ಜ್ ಎನ್ನುವ ಉಪಕರ, ಅಧಿಭಾರಗಳಿಂದ ತುಂಬಿಕೊಳ್ಳಲು ಹೊರಟರೆ ಅದರಲ್ಲಿ ರಾಜ್ಯಗಳಿಗೆ ಪಾಲಿಲ್ಲ ಎಂಬುದು ಬೇರೆಯೇ ತಕರಾರು.

ಚಂದ್ರಗಿರಿ

ನಾನು ಕಾಸರಗೋಡಿನವನು, ಎಂದರೆ ಮನೆಮಾತು ಕನ್ನಡವಾದರೂ ತೆರಿಗೆ ಕಟ್ಟುವುದು ಕೇರಳ ಸರ್ಕಾರಕ್ಕೆ. ನೀವು ಊಹಿಸುತ್ತಿರುವುದು ನಮ್ಮಲ್ಲಿ ಈಗಾಗಲೇ ನಡೆಯುತ್ತಿದೆ. ತುಂಗಾತೀರ ಅವರು ಹೇಳಿದ ಅದೇ ಅಂದಾಜಿನಲ್ಲಿ 2021ಕ್ಕೆ ಕೇರಳದ ಹಿರಿಯರ ಪಾಲು ಶೇ 16.5, 2031ಕ್ಕೆ ಅದು ಶೇ 20.9 ಆಗಲಿದೆ. ತಮಿಳುನಾಡು ಆ ಹೊತ್ತಿಗೆ ಶೇ 18.2ಕ್ಕೆ ಬರುತ್ತದೆ.

ಮುಪ್ಪಾಗುತ್ತಿರುವ ದೇಶಕ್ಕೆ ಜಪಾನ್ ಹಿಡಿದ ದಾರಿ ಎಲ್ಲರಿಗೂ ಗೊತ್ತಿರುವಂಥದ್ದು. ದುಡಿಯುವವರ ಸಂಬಳದ ಮೇಲೆ ಎಲ್ಲ ಭಾರವನ್ನೂ ಹೇರಲಾಗದೆಂದು, ದುಡಿಯುವವರೂ ನಿವೃತ್ತರೂ ಒಟ್ಟಿಗೆ ಕಟ್ಟುವ ಬಳಕೆ ತೆರಿಗೆಯನ್ನು ಅದು ಆಶ್ರಯಿಸಿತು: 1989ರಲ್ಲಿ ಶೇ 3, 1997ರಲ್ಲಿ 5, 2014ರಲ್ಲಿ 8, 2019ರ ಅಕ್ಟೋಬರ್‌ನಲ್ಲಿ 10. ಕೊನೆಯ ಏರಿಕೆಯಲ್ಲಿ ಆಹಾರ ಪದಾರ್ಥಗಳನ್ನು ಶೇ 8ರಲ್ಲಿಯೇ ಉಳಿಸಿದರು. ಅಷ್ಟಾದರೂ ಸಾಲ ರಾಷ್ಟ್ರೀಯ ಉತ್ಪನ್ನದ ಎರಡು ಪಟ್ಟನ್ನು ಮೀರಿಯೇ ಇದೆ. ಆದರೆ ಜಪಾನಿನ ಸಂಸತ್ತು ತನ್ನ ತೆರಿಗೆಯನ್ನು ತಾನೇ ಏರಿಸಬಲ್ಲದು. ಕೇರಳಕ್ಕೆ ಆ ಸ್ವಾತಂತ್ರ್ಯವಿಲ್ಲ. ಜಿಎಸ್‌ಟಿ ದರವನ್ನು ಮಂಡಳಿಯು ಇಡೀ ದೇಶಕ್ಕಾಗಿ ತೀರ್ಮಾನಿಸುತ್ತದೆ, ಅಲ್ಲಿ ಹಿರಿಯರು ಹೆಚ್ಚಿರುವ ರಾಜ್ಯಕ್ಕೂ ಯುವಜನ ಹೆಚ್ಚಿರುವ ಬಿಹಾರಕ್ಕೂ ಒಂದೇ ದರ.

ಹಾಗಾಗಿ ರಾಜ್ಯದ ಕೈಯಲ್ಲಿ ಉಳಿದದ್ದು ಇಂಧನ, ಮದ್ಯ, ವಾಹನ, ಮುದ್ರಾಂಕ. ಕೇರಳ ಮಾಡಿದ್ದೂ ಅದನ್ನೇ. 2023ರ ಏಪ್ರಿಲ್‌ನಿಂದ ಪೆಟ್ರೋಲ್, ಡೀಸೆಲ್ ಲೀಟರಿಗೆ 2 ರೂಪಾಯಿಯ ಸಾಮಾಜಿಕ ಭದ್ರತಾ ಉಪಕರವನ್ನು ಹಾಕಿ, ಮದ್ಯದ ಬಾಟಲಿಗೂ ಬೆಲೆಗೆ ತಕ್ಕಂತೆ ಒಂದಿಷ್ಟು ಸೇರಿಸಿದರು. ಉದ್ದೇಶ ಕ್ಷೇಮ ಪಿಂಚಣಿಗೆ ಹಣ ಹೊಂದಿಸುವುದು. ಗಡಿಯಲ್ಲಿರುವ ನಮಗೆ ಇದರ ಫಲ ಕಣ್ಣೆದುರಿಗೇ ಕಾಣುತ್ತದೆ. ಮಂಗಳೂರಿಗೆ ಹೋಗಿಬರುವ ಇಲ್ಲಿನವರು ತಲಪಾಡಿ ದಾಟಿದ ಮೇಲೆ ಕರ್ನಾಟಕದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿಕೊಂಡೇ ಮರಳುತ್ತಾರೆ. ಒಂದು ರಾಜ್ಯ ಒಂಟಿಯಾಗಿ ತೆರಿಗೆ ಏರಿಸಿದರೆ ತೆರಿಗೆಯ ಮೂಲವೇ ಪಕ್ಕದ ರಾಜ್ಯಕ್ಕೆ ನಡೆದುಹೋಗುತ್ತದೆ.

ತೆರಿಗೆ ಸಾಲದಾದಾಗ ಉಳಿಯುವುದು ಸಾಲ. ಕ್ಷೇಮ ಪಿಂಚಣಿಯನ್ನು ತಿಂಗಳು ತಿಂಗಳು ತಪ್ಪದೆ ಕೊಡಲು ಕೇರಳವು 2018ರಲ್ಲಿ ಒಂದು ಸರ್ಕಾರಿ ಕಂಪನಿಯನ್ನೇ ಸ್ಥಾಪಿಸಿ ಅದರ ಹೆಸರಿನಲ್ಲಿ ಸಾಲ ಎತ್ತಿತು. ಈ ಸಾಲವೂ ರಾಜ್ಯದ್ದೇ ಎಂದು ಕೇಂದ್ರವು ಸಾಲದ ಮಿತಿಯಲ್ಲಿ ಅದನ್ನು ಕಳೆಯಿತು. ವಿವಾದ ಬೆಳೆದು 2023ರ ಡಿಸೆಂಬರ್‌ನಲ್ಲಿ ಕೇರಳವು ಸಂವಿಧಾನದ 131ನೇ ವಿಧಿಯಡಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಇಬ್ಬರ ವಾದದಲ್ಲೂ ಹುರುಳಿದೆ: ದಿನನಿತ್ಯದ ಪಿಂಚಣಿಗೆ ಸಾಲ ಮಾಡುವುದು ಒಳ್ಳೆಯ ಹಣಕಾಸು ಅಲ್ಲ, ಆದರೆ ಏರಿಸಬಹುದಾದ ತೆರಿಗೆಗಳನ್ನೆಲ್ಲ ಕೈಯಿಂದ ಕಸಿದುಕೊಂಡ ಮೇಲೆ ಸಾಲ ಮಾಡಬೇಡ ಎನ್ನುವುದೂ ಸುಲಭದ ಉಪದೇಶ.

ಕೇರಳವನ್ನು ಇದುವರೆಗೆ ಕಾಪಾಡಿದ್ದು ಹೊರನಾಡಿನಿಂದ ಬರುವ ಹಣ. ಗಲ್ಫಿನಲ್ಲಿ ದುಡಿದ ಸಂಬಳಕ್ಕೆ ಇಲ್ಲಿ ಆದಾಯ ತೆರಿಗೆಯಿಲ್ಲ, ಆದರೆ ಆ ಹಣ ಊರಿನಲ್ಲಿ ಖರ್ಚಾದಾಗ ಜಿಎಸ್‌ಟಿಯಾಗಿ ರಾಜ್ಯಕ್ಕೆ ಬರುತ್ತದೆ. ಮಕ್ಕಳು ಗಲ್ಫಿನ ಬದಲು ಕೆನಡಾ, ಬ್ರಿಟನ್ನುಗಳಿಗೆ ಹೋಗಿ ಅಲ್ಲಿಯೇ ನೆಲೆಸಿದರೆ, ಊರಲ್ಲಿರುವ ತಂದೆತಾಯಿ ಇರುವಷ್ಟು ದಿನ ಮಾತ್ರ ಆ ಹಣ ಬಂದೀತು. ಉಡುಪಿ, ದಕ್ಷಿಣ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಜ್ಜನ ಮಾತು

ನಿಮ್ಮ ಅಂಕಿ ಅಂಶಗಳೊಳಗೆ ನಾನೂ ಒಬ್ಬನಾದ್ದರಿಂದ ನನ್ನದೊಂದು ಆಕ್ಷೇಪಣೆಯನ್ನು ದಾಖಲಿಸುತ್ತೇನೆ. ಮೇಲಿನ ಎರಡೂ ಉತ್ತರಗಳಲ್ಲಿ ಮಾಹಿತಿ ಸರಿಯಾಗಿದೆ, ಆದರೆ ಅವನ್ನು ಓದಿದವರಿಗೆ ಅರವತ್ತು ದಾಟಿದವರೆಂದರೆ ಬೊಕ್ಕಸದಿಂದ ತೆಗೆದುಕೊಳ್ಳುವವರು ಮಾತ್ರ ಎಂಬ ಭಾವನೆ ಬರುತ್ತದೆ.

ನಮ್ಮ ದೇಶದ ಬಹುಪಾಲು ಹಿರಿಯರಿಗೆ ನಿವೃತ್ತಿ ಎಂಬುದೇ ಇಲ್ಲ. ಹೊಲದಲ್ಲಿ, ಸಣ್ಣ ಅಂಗಡಿಯಲ್ಲಿ, ಹೈನುಗಾರಿಕೆಯಲ್ಲಿ ಮೈಯಲ್ಲಿ ಕಸುವಿರುವವರೆಗೆ ದುಡಿಯುತ್ತಾರೆ. ಸರ್ಕಾರಿ ಪಿಂಚಣಿ ಪಡೆಯುವವರು ಅವರಲ್ಲಿ ಸಣ್ಣ ಭಾಗ. ಉಳಿದ ಬಡವರಿಗೆ ಸಿಗುವುದೆಷ್ಟು? ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಯಲ್ಲಿ 80 ವರ್ಷದೊಳಗಿನವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲಿಯೂ ಅದು 200 ರೂಪಾಯಿಯೇ ಆಗಿತ್ತು. ಬೆಲೆಗಳು ಅಂದಿನಿಂದ ಎಲ್ಲಿಗೆ ಹೋಗಿವೆ ಎಂಬುದನ್ನು ಓದುಗರೇ ಲೆಕ್ಕ ಹಾಕಿಕೊಳ್ಳಲಿ. ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದವರಿಗೆ ರಾಜ್ಯ ಕೊಡುವುದು 1,200. ಮುಪ್ಪಿನ ಖರ್ಚು ಯಾರ ಹೆಗಲಿಗೆ ಬೀಳುತ್ತಿದೆ ಎಂಬುದು ಈ ಎರಡು ಅಂಕಿಗಳಲ್ಲಿಯೇ ಇದೆ. ಆದಾಯ ತೆರಿಗೆಯನ್ನು ಏರಿಸುವ ಅಧಿಕಾರ ದಿಲ್ಲಿಯಲ್ಲಿ, ಅಜ್ಜಿಯರಿಗೆ ಪಿಂಚಣಿ ಕೊಡುವ ಹೊಣೆ ಬೆಂಗಳೂರಿನಲ್ಲಿ.

ಹಿರಿಯರು ಸರ್ಕಾರಕ್ಕೆ ಸಾಲ ಕೊಡುವವರೂ ಹೌದು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿಯನ್ನು 2023ರಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದ್ದು ನಮ್ಮ ಮೇಲಿನ ಪ್ರೀತಿಯಿಂದ ಮಾತ್ರವಲ್ಲ, ಆ ಹಣ ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಯ ಮೂಲಕ ಕೇಂದ್ರದ ವಿತ್ತೀಯ ಕೊರತೆಯನ್ನು ತುಂಬಲು ಒದಗುತ್ತದೆ. ಮನೆಯಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿ ಇದ್ದಾಳೆಂಬ ಧೈರ್ಯದಿಂದ ಸೊಸೆ ಕೆಲಸಕ್ಕೆ ಹೋಗುತ್ತಾಳೆ. ಸೊಸೆಯ ಸಂಬಳದ ತೆರಿಗೆ ಬಜೆಟ್ ಪುಸ್ತಕದಲ್ಲಿ ಕಾಣುತ್ತದೆ, ಅಜ್ಜಿಯ ದುಡಿಮೆ ಕಾಣುವುದಿಲ್ಲ. ಜಮಾಖರ್ಚು ಅವರು ತಮ್ಮ ಹೆಸರಿಗೆ ತಕ್ಕಂತೆ ಜಮೆಯ ಬದಿಯನ್ನೂ ಬರೆಯಬೇಕಿತ್ತು.

ಬಯಲುಸೀಮೆ

ಅಜ್ಜನವರ ಆಕ್ಷೇಪಣೆ ನ್ಯಾಯವಾದದ್ದು. ನಾನು ಬೆಂಗಳೂರಿನ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ, ಏಕೆಂದರೆ ಅದನ್ನು ಯಾರೂ ಎತ್ತಿಕೊಂಡಿಲ್ಲ.

ಕರ್ನಾಟಕವನ್ನು ಒಂದೇ ವಯಸ್ಸಿನ ರಾಜ್ಯವೆಂದು ನೋಡಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ. 2001ರಿಂದ 2011ರವರೆಗಿನ ದಶಕದಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು ಶೇ 47ರಷ್ಟು ಬೆಳೆಯಿತು, ಯಾದಗಿರಿ ಶೇ 20ಕ್ಕೂ ಹೆಚ್ಚು ಬೆಳೆಯಿತು. ಅದೇ ಅವಧಿಯಲ್ಲಿ ಕೊಡಗು ಶೇ 1ರ ಆಸುಪಾಸಿನಲ್ಲಿ ನಿಂತಿತು, ಚಿಕ್ಕಮಗಳೂರಿನ ಜನಸಂಖ್ಯೆ ತುಸು ಇಳಿದೇಹೋಯಿತು. ಮಲೆನಾಡಿನ ಮತ್ತು ಕರಾವಳಿಯ ಮನೆಗಳಿಂದ ಹೊರಟ ಮಕ್ಕಳೇ ಬೆಂಗಳೂರಿನ ಯೌವನದ ಒಂದು ಭಾಗ. ಅವರು ಬೆಂಗಳೂರಿನಲ್ಲಿ ದುಡಿದು ಖರ್ಚು ಮಾಡಿದ ತೆರಿಗೆ ರಾಜ್ಯದ ಖಜಾನೆಗೇ ಬರುವುದರಿಂದ ರಾಜ್ಯದ ಮಟ್ಟಿಗೆ ನಷ್ಟವೇನೂ ಇಲ್ಲ ಎನ್ನಬಹುದು. ಆದರೆ ಪಂಚಾಯಿತಿ, ಪುರಸಭೆಗಳ ಆಸ್ತಿ ತೆರಿಗೆಯನ್ನು ಬೆಂಗಳೂರು ತುಂಬಿಕೊಡುವುದಿಲ್ಲ. ಬೀಗ ಹಾಕಿದ ಮನೆಯಿಂದ ಕರ ವಸೂಲಿ ಹೇಗೆಂದು ನಮ್ಮ ಗ್ರಾಮ ಪಂಚಾಯಿತಿಗಳ ಕರ ವಸೂಲಿಗಾರರನ್ನು ಕೇಳಿ ನೋಡಬೇಕು.

ಖರ್ಚಿನ ಕಡೆಯ ಒಂದು ನಿರೀಕ್ಷೆಯೂ ಇಲ್ಲಿ ಸುಳ್ಳಾಗುತ್ತದೆ. ಮಕ್ಕಳು ಕಡಿಮೆಯಾದರೆ ಶಾಲೆಯ ಖರ್ಚು ಉಳಿಯುತ್ತದೆ, ಅದನ್ನು ಹಿರಿಯರ ಆರೋಗ್ಯಕ್ಕೆ ತಿರುಗಿಸಬಹುದು ಎಂಬುದು ಕಾಗದದ ಮೇಲೆ ಸರಿ. ಕೇಂದ್ರದ 2018–19ರ ಆರ್ಥಿಕ ಸಮೀಕ್ಷೆಯೂ ಶಾಲೆಗಳ ವಿಲೀನದ ಮಾತನ್ನಾಡಿತ್ತು. ಕಾಡಂಚಿನ ಹಳ್ಳಿಯಲ್ಲಿ ಹತ್ತು ಮಕ್ಕಳಿದ್ದರೂ ಶಾಲೆ ಬೇಕು, ಶಿಕ್ಷಕರು ಬೇಕು. ಮುಚ್ಚಿದರೆ ಆ ಮಕ್ಕಳ ಕಲಿಕೆಗೆ ಕುತ್ತು. ಹಾಗಾಗಿ ಉಳಿತಾಯ ಬರುವುದು ತಡವಾಗಿ, ಖರ್ಚು ಬರುವುದು ಬೇಗ.

ಬೆಂಗಳೂರಿನಿಂದ ಇನ್ನೊಂದು ಪೇಚೂ ಇದೆ. ಹಣಕಾಸು ಆಯೋಗ ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ನಿರ್ಧರಿಸುವಾಗ ತಲಾ ಆದಾಯಕ್ಕೆ ದೊಡ್ಡ ತೂಕ ಕೊಡುತ್ತದೆ: ಅದು ಕಡಿಮೆಯಿರುವ ರಾಜ್ಯಕ್ಕೆ ಹೆಚ್ಚು ಪಾಲು. 15ನೇ ಆಯೋಗದಲ್ಲಿ ಆದಾಯದ ಅಂತರಕ್ಕೆ ಶೇ 45ರ ತೂಕವಿತ್ತು. ಬೆಂಗಳೂರಿನ ವರಮಾನವು ಇಡೀ ರಾಜ್ಯದ ಸರಾಸರಿಯನ್ನು ಮೇಲೆತ್ತಿದ ಕಾರಣವೂ ಸೇರಿ ಕರ್ನಾಟಕದ ಪಾಲು 14ನೇ ಆಯೋಗದ ಶೇ 4.713ರಿಂದ 15ನೆಯದರಲ್ಲಿ ಶೇ 3.647ಕ್ಕೆ ಕುಸಿಯಿತು. ಜನನ ನಿಯಂತ್ರಣದಲ್ಲಿ ಮುಂದಿರುವ ರಾಜ್ಯಗಳಿಗೆಂದು ಶೇ 12.5ರ ತೂಕದ ಒಂದು ಮಾನದಂಡವಿತ್ತು, ಅದು ಹಿಂದೆ ಮಾಡಿದ ಸಾಧನೆಗೆ ಕೊಟ್ಟ ಬಹುಮಾನ. ಆ ಸಾಧನೆಯ ಫಲವಾಗಿ ಈಗ ಹಿರಿಯರ ಪಾಲು ಏರುತ್ತಿದೆ. ಆ ಖರ್ಚಿಗೆ 15ನೇ ಆಯೋಗದ ಸೂತ್ರದಲ್ಲಿ ತೂಕವೇ ಇರಲಿಲ್ಲ. ದಕ್ಷಿಣದ ರಾಜ್ಯಗಳು ಈ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಮಂಡಿಸಬೇಕು ಎಂಬುದು ನನ್ನ ನಿಲುವು.

ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ಬಳಗದಲ್ಲಿ ಓದಿ ಹೇಳಲು ಬೇಕಾದಷ್ಟು ವಿಷಯ ಸಿಕ್ಕಿತು. ಒಂದು ಪ್ರಶ್ನೆ ಮಾತ್ರ ಉಳಿದಿದೆ. 2006ರ ನಂತರ ಸೇರಿದವರು ಹೊಸ ಯೋಜನೆಯಲ್ಲಿದ್ದಾರೆಂದರೆ ಸರ್ಕಾರಿ ಪಿಂಚಣಿಯ ಭಾರ ಈಗಲೇ ಇಳಿಯಲು ತೊಡಗಿರಬೇಕಲ್ಲವೇ? ಬಜೆಟ್ಟಿನಲ್ಲಿ ಅದು ಏರುತ್ತಲೇ ಇರುವುದೇಕೆ?

ಜಮಾಖರ್ಚು

ಅಜ್ಜನವರೇ, ಜಮೆಯ ಬದಿಯ ನಿಮ್ಮ ಮಾತನ್ನು ಒಪ್ಪಿದೆ.

ತುಂಗಾತೀರ ಅವರೇ, ಹೊಸ ಯೋಜನೆ ಬಂದ ದಿನದಿಂದ ಸರ್ಕಾರದ ಮೇಲೆ ಎರಡು ಹೊರೆ ಒಟ್ಟಿಗೆ ಬಿದ್ದಿವೆ. ಹಳೆಯ ಪದ್ಧತಿಯಲ್ಲಿ ನೌಕರ ಸೇವೆಯಲ್ಲಿರುವಾಗ ಸರ್ಕಾರ ಅವನ ಪಿಂಚಣಿಗಾಗಿ ಏನನ್ನೂ ಎತ್ತಿಡುತ್ತಿರಲಿಲ್ಲ, ನಿವೃತ್ತಿಯಾದ ಮೇಲೆ ಆ ವರ್ಷದ ವರಮಾನದಿಂದಲೇ ಕೊಡುತ್ತಿತ್ತು. ಹೊಸ ಪದ್ಧತಿಯಲ್ಲಿ ಸೇವೆಯಲ್ಲಿರುವಾಗಲೇ ಪ್ರತಿ ತಿಂಗಳು ತನ್ನ ವಂತಿಗೆಯನ್ನು ಕಟ್ಟಬೇಕು. ಎಂದರೆ ಇಂದಿನ ಬಜೆಟ್ಟು ಹಳೆಯ ನಿವೃತ್ತರ ಪಿಂಚಣಿಯನ್ನೂ ಹೊಸ ನೌಕರರ ವಂತಿಗೆಯನ್ನೂ ಭರಿಸುತ್ತಿದೆ.

ಕಾಲದ ಲೆಕ್ಕವನ್ನು ನೋಡಿ. 2006ರ ಮಾರ್ಚ್‌ನಲ್ಲಿ 25ನೇ ವಯಸ್ಸಿಗೆ ಸೇರಿದ ಶಿಕ್ಷಕಿಯೊಬ್ಬರು 60 ತುಂಬಿ ನಿವೃತ್ತರಾಗುವುದು 2041ರಲ್ಲಿ. ಅಲ್ಲಿಯವರೆಗೆ ಹಳೆಯ ಪದ್ಧತಿಯ ನಿವೃತ್ತರ ಪಟ್ಟಿಗೆ ಹೊಸ ಹೆಸರುಗಳು ಸೇರುತ್ತಲೇ ಇರುತ್ತವೆ. ಆಮೇಲೂ ಅವರು ಇಪ್ಪತ್ತು, ಇಪ್ಪತ್ತೈದು ವರ್ಷ ಪಿಂಚಣಿ ಪಡೆಯಬಹುದು, ಅವರ ನಂತರ ಕುಟುಂಬ ಪಿಂಚಣಿ ಮುಂದುವರಿಯಬಹುದು. ಆಯುಸ್ಸು ಹೆಚ್ಚಿದಷ್ಟೂ ಈ ಬಾಲ ಉದ್ದವಾಗುತ್ತದೆ. ಪಿಂಚಣಿಯ ಮೇಲೆ ತುಟ್ಟಿಭತ್ಯೆ ಏರುತ್ತದೆ, ವೇತನ ಆಯೋಗ ಬಂದಾಗಲೆಲ್ಲ ಹಳಬರ ಪಿಂಚಣಿಯೂ ಪರಿಷ್ಕರಣೆಯಾಗುತ್ತದೆ. ನಮ್ಮ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಗೆ ಬಂದದ್ದು ನಿಮಗೆ ನೆನಪಿರಬಹುದು. ಕೇಂದ್ರದ ನಿಯಮದಲ್ಲಿ 80 ತುಂಬಿದವರಿಗೆ ಮೂಲ ಪಿಂಚಣಿಯ ಶೇ 20, 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದವರಿಗೆ ಶೇ 100 ಹೆಚ್ಚುವರಿ ಸಿಗುತ್ತದೆ.

ರಾಜಸ್ಥಾನ, ಛತ್ತೀಸ್‌ಗಢ, ಪಂಜಾಬ್, ಹಿಮಾಚಲ ಪ್ರದೇಶಗಳು 2022–23ರಲ್ಲಿ ಹಳೆಯ ಪದ್ಧತಿಗೆ ಮರಳುವುದಾಗಿ ಘೋಷಿಸಿದ್ದನ್ನು ಈ ಲೆಕ್ಕದ ಬೆಳಕಿನಲ್ಲಿ ನೋಡಬೇಕು. ಮರಳಿದ ಕೂಡಲೇ ವಂತಿಗೆ ಕಟ್ಟುವುದು ನಿಲ್ಲುತ್ತದೆ, ಆದ್ದರಿಂದ ಮೊದಲ ಕೆಲವು ವರ್ಷ ಬೊಕ್ಕಸ ಹಗುರವಾದಂತೆಯೇ ಕಾಣುತ್ತದೆ. ಬಿಲ್ಲು ಬರುವುದು ಇಂದಿನ ನೌಕರರು ನಿವೃತ್ತರಾಗುವ 2030ರ, 2040ರ ದಶಕಗಳಲ್ಲಿ, ಹಿರಿಯರ ಪಾಲು ಇಂದಿಗಿಂತ ಬಹಳ ಹೆಚ್ಚಾಗಿರುವ ಹೊತ್ತಿಗೆ. ಕರ್ನಾಟಕ 2002ರಲ್ಲಿ ದೇಶದಲ್ಲೇ ಮೊದಲಿಗೆ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿಕೊಂಡ ರಾಜ್ಯ. ಆದರೆ ಆ ಕಾಯ್ದೆ ಅಳೆಯುವುದು ವರ್ಷದ ಕೊರತೆಯನ್ನು ಮತ್ತು ಈಗಾಗಲೇ ಎತ್ತಿದ ಸಾಲವನ್ನು. ಸೇವೆಯಲ್ಲಿರುವ ನೌಕರರಿಗೆ ಮುಂದೆ ಕೊಡಬೇಕಾದ ಪಿಂಚಣಿ ಆ ಎರಡರಲ್ಲಿ ಯಾವುದರೊಳಗೂ ಬರುವುದಿಲ್ಲ.